ಹಳೆ ಸ್ಟೇಷನ್ ಉಳಿಸೋಣ, ಆದರೆ ದಿನಾ ಬಾಗಿಲು ತೆಗೆಯೋರು ಯಾರು?

ಹಳಿ ಪಕ್ಕದ ಮನೆ

ಎಲ್ಲರಿಗೂ ಶರಣು ಶರಣಾರ್ಥಿ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯ ಮೇಲೆ, ಕಲಬುರಗಿ ಜಿಲ್ಲೆಯೊಳಗೇ ನಮ್ಮೂರು. ಹೆಸರು ಬೇಕಂತಲೇ ಬರೆದಿಲ್ಲ. ಹಳೆ ಸ್ಟೇಷನ್ ಊರಿಗೆ ಬಳಸಲಿಕ್ಕೆ ಕೊಡಿ ಅಂತ ರೈಲ್ವೆಗೆ ಕೊಡುವ ಅರ್ಜಿ ಇನ್ನೂ ಬರೆಯುತ್ತಿದ್ದೇವೆ, ನಡುವೆ ಯಾರಿಗೂ ಮುಜುಗರ ಆಗಬಾರದು.

ಹೊಸ ಸ್ಟೇಷನ್ ಆದಮೇಲೆ ಹಳೆಯ ಕಲ್ಲಿನ ಕಟ್ಟಡಕ್ಕೆ ಬೀಗ ಬಿತ್ತು. ಎರಡು ಕೋಣೆ, ನಡುವೆ ಟಿಕೆಟ್ ಕೊಡುತ್ತಿದ್ದ ಸಣ್ಣ ಜಾಗ, ಹಿಂದೆ ಒಂದು ಲ್ಯಾಂಪ್ ಕೋಣೆ, ಮುಂದೆ ಉದ್ದನೆಯ ಪಡಸಾಲೆ. ಗೋಡೆ ಎರಡಡಿಗಿಂತ ದಪ್ಪ. ಮೇ ತಿಂಗಳಲ್ಲಿ ಹೊರಗೆ ನಿಲ್ಲಲಿಕ್ಕೆ ಆಗದಂಥ ಬಿಸಿಲಿದ್ದಾಗಲೂ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ. ಡಿಗ್ರಿ ಓದುವಾಗ ಮೂರು ವರ್ಷ ಅದೇ ಪಡಸಾಲೆಯಲ್ಲಿ ಕೂತು ಪ್ಯಾಸೆಂಜರ್ ಗಾಡಿ ಕಾದವನು ನಾನು. ಪರೀಕ್ಷೆಯ ಅರ್ಧ ಓದು ಅಲ್ಲೇ ಆಗಿದ್ದು.

ಹೋದ ವಾರ ಅನುಮತಿ ಪಡೆದು ನಾಲ್ಕು ಜನ ಒಳಗೆ ಹೋಗಿ ನೋಡಿಬಂದೆವು. ಪಾರಿವಾಳದ ಹಿಕ್ಕೆ ಪಾದ ಮುಳುಗುವಷ್ಟಿದೆ. ಪಡಸಾಲೆಯ ಮೂಲೆಯಲ್ಲಿ ಗೋಡೆ ಸೀಳಿಕೊಂಡು ಅರಳಿ ಗಿಡ ಎದ್ದಿದೆ. ಚಾವಣಿಗೆ ತೊಲೆಯ ಬದಲು ಹಳೆಯ ರೈಲು ಹಳಿಗಳನ್ನೇ ಹಾಕಿ, ಎರಡೆರಡು ಹಳಿಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿದ್ದಾರೆ. ಟಾರ್ಚ್ ಹಾಕಿ ನೋಡಿದಾಗ ಒಂದು ಹಳಿಯ ಪಕ್ಕೆಯ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳು ಕಂಡವು, ಅವುಗಳ ಮುಂದೆ ಇಸವಿ. ತುಕ್ಕು ತಿಂದು ಮೊದಲ ಎರಡು ಅಂಕಿ, 18 ಅಂತ ಮಾತ್ರ ಓದಲಿಕ್ಕೆ ಬಂತು.

ಊರಲ್ಲಿ ಎರಡು ಮಾತಿದೆ. ಹಿರಿಯರು ಕೆಲವರು ಮ್ಯೂಸಿಯಂ ಮಾಡೋಣ ಅಂತಾರೆ. ಮ್ಯೂಸಿಯಂ ಬಗ್ಗೆ ನನಗೆ ಗೌರವ ಇದೆ, ಮೈಸೂರಿನ ರೈಲ್ವೆ ಮ್ಯೂಸಿಯಂ, ಹುಬ್ಬಳ್ಳಿಯದು ಎರಡೂ ನೋಡಿದ್ದೇನೆ. ಆದರೆ ನಮ್ಮಂಥ ಸಣ್ಣ ಊರಲ್ಲಿ ಉದ್ಘಾಟನೆ ದಿನ ನೂರು ಜನ, ಮರುವಾರ ಹತ್ತು ಜನ, ಆಮೇಲೆ ಮತ್ತೆ ಬೀಗ. ಮತ್ತೆ ಬೀಗ ಬಿದ್ದ ಕಟ್ಟಡವನ್ನು ಮತ್ತೊಮ್ಮೆ ಯಾರೂ ತೆರೆಸಲಾರರು. ಊರಿಗೆ ಈಗಾಗಲೇ ಏನು ಬೇಕಾಗಿದೆಯೋ ಅದಕ್ಕೆ ಈ ಕಟ್ಟಡ ಕೊಡಬೇಕು ಅನ್ನೋದು ನನ್ನ ವಿಚಾರ. ಪೊಲೀಸ್, ಪಿಡಿಒ, ಶಿಕ್ಷಕರ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನಮ್ಮಲ್ಲಿ ಬಹಳ ಇದ್ದಾರೆ. ಕೂತು ಓದಲಿಕ್ಕೆ ಜಾಗ ಇಲ್ಲ. ಗುಡಿಯ ಕಟ್ಟೆ, ಶಾಲೆಯ ಪಡಸಾಲೆ, ಹೊಲದ ಪಂಪ್ ಕೋಣೆ, ಹೀಗೆ ಎಲ್ಲೆಲ್ಲೋ ಓದುತ್ತಾರೆ. ನಿಮ್ಮ ನಿಮ್ಮ ಅನುಭವ ತಿಳಿಸಿ.

ವಾಡಿ ಜಂಕ್ಷನ್

ಒಳ್ಳೆ ಕೆಲಸ ಕೈಗೆತ್ತಿಕೊಂಡೀರಿ ಅಣ್ಣಾರ. ಅರ್ಜಿಗೆ ಬೇಕಾಗ್ತದ ಅಂತ ಸ್ವಲ್ಪ ಇತಿಹಾಸ ಹಾಕ್ತೀನಿ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕಲಬುರಗಿ, ವಾಡಿ, ಯಾದಗಿರಿ ಮೇಲೆ ಹಾದು ರಾಯಚೂರಿನೊಳಗ ಮದ್ರಾಸ್ ಹಳಿಗೆ ಕೂಡಿದ್ದು 1871ರಾಗ. ಹಳಿ ನಿಜಾಮರ ಸೀಮೆಯೊಳಗೇ ಹಾದು ಹೋದ್ರೂ ಹೈದರಾಬಾದ್ ಪಟ್ಟಣ ಮುಟ್ಟಲಿಲ್ಲ. ಅದಕ್ಕ ದಿವಾನ ಸಾಲಾರ್ ಜಂಗ್ ಇದ್ದಾಗ ವಾಡಿಯಿಂದ ಒಂದು ಕವಲು ಹಳಿ ತೆಗೆದು ಸಿಕಂದರಾಬಾದಿಗೆ ಮುಟ್ಟಿಸಿದರು. 1874ರ ಅಕ್ಟೋಬರಿನೊಳಗ ಗಾಡಿ ಓಡಿತು. ನಿಜಾಮರ ರೈಲ್ವೆ ಹುಟ್ಟಿದ್ದೇ ಈ ಕವಲಿನಿಂದ. 1889ಕ್ಕ ಅದು ಬೆಜವಾಡದ ತನಕ, ಅಂದ್ರ ಈಗಿನ ವಿಜಯವಾಡದ ತನಕ ಹೋಯಿತು. 1930ರ ತನಕ ಕಂಪನಿ ಕೈಯಾಗ ಇತ್ತು, ಆಮೇಲೆ ಹೈದರಾಬಾದ್ ಸರ್ಕಾರ ತಗೊಂಡಿತು, 1950ರಾಗ ಭಾರತ ಸರ್ಕಾರಕ್ಕ ಬಂತು.

ಇದೇ ಹಳಿಯ ಮ್ಯಾಲೆ ಮಳಖೇಡ ರೋಡ್ ಸ್ಟೇಷನ್ ಅದ. ನೃಪತುಂಗನ ಮಾನ್ಯಖೇಟಕ್ಕ ಇಳಿಯೋ ಜಾಗ ಅದು. ಚಿತ್ತಾಪುರ, ಸೇಡಂ ಮಂದಿಗೆ ಹೈದರಾಬಾದಿನ ದವಾಖಾನಿ, ಕೋರ್ಟು, ಬಜಾರು ಎಲ್ಲಾ ಈ ಗಾಡಿ ಮ್ಯಾಲೇ ಆಗ್ಯಾದ. ನಿಮ್ಮ ಕಟ್ಟಡಕ್ಕ 150 ವರ್ಷ ಆಯಿತು ಅಂತ ದೊಡ್ಡ ಅಕ್ಷರದಾಗ ಬರೆಸ್ರಿ.

ತೊಗರಿ ಹೊಲ

ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ನಮ್ಮೂರ ಸಾಲಿ ಛತ್ತು ಮಳಿ ಬಂದ್ರ ಸೋರ್ತದ. ಮಕ್ಕಳು ಕೊಡಿ ಹಿಡಕೊಂಡು ಕೂಡ್ತಾವ. ಹಿಂಥಾದ್ರಾಗ ಹಳೆ ಗ್ವಾಡಿಗೆ ರೊಕ್ಕ ಹಾಕೋದು ಖರೆ ನ್ಯಾಯ ಏನ್ರಿ? ರೈಲ್ವೆದವರನ್ನ ಕೇಳೋದಿದ್ರ ಇನ್ನೆರಡು ಗಾಡಿ ನಿಲ್ಲಿಸ್ರಿ ಅಂತ ಕೇಳ್ರಿ.

ಗೌಂಡಿಯ ಮಗಳು

ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿದ್ದೇನೆ, ಹೆಚ್ಚು ದಿನ ಬೀದರಿನಲ್ಲಿ. ನಮ್ಮಪ್ಪ ಗೌಂಡಿ. ಕಟ್ಟಡದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದಾಗಿ, ವಾಡಿ ಜಂಕ್ಷನ್ ಅಣ್ಣನವರ ಕ್ಷಮೆ ಕೇಳಿ ಹೇಳುವುದು, ಕಟ್ಟಡಕ್ಕೆ 150 ವರ್ಷ ಅಂತ ಬರೆಯಬೇಡಿ. ಹಳಿ ಬಂದದ್ದು 1874ರಲ್ಲಿ, ಅದು ಸರಿ. ಆದರೆ ಚಾವಣಿಯಲ್ಲಿರುವುದು ಹಳೆಯ ಹಳಿ ಅಂತ ನೀವೇ ಬರೆದಿದ್ದೀರಿ. ಹಳಿ ಮೊದಲು ನೆಲದ ಮೇಲೆ ಗಾಡಿ ಹೊತ್ತು, ಸವೆದು, ಕಿತ್ತುಹಾಕಿದ ಮೇಲೆ ತಾನೇ ಚಾವಣಿಗೆ ಬರುವುದು? ತಲೆಯ ಭಾಗ ಒಂದು ಕಡೆ ಸವೆದಿದೆಯೋ ನೋಡಿ. ಸವೆದಿದ್ದರೆ ಚಾವಣಿ, ಬಹುಶಃ ಇಡೀ ಕಟ್ಟಡವೇ, ಹಳಿ ಬಂದ ಎಷ್ಟೋ ವರ್ಷದ ಮೇಲಿನದು. ಕಚೇರಿಯಲ್ಲಿ ಯಾರಾದರೂ ಇದನ್ನು ಹಿಡಿದರೆ ಅರ್ಜಿಯ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ. ಆ ಇಸವಿಯ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿ, ಉಳಿದ ಎರಡು ಅಂಕಿ ಕಾಗದದ ಮೇಲೆ ಮೂಡಬಹುದು.

ಎರಡನೆಯದು ಅರಳಿ ಗಿಡ. ಉತ್ಸಾಹದಲ್ಲಿ ಯಾರೂ ಅದನ್ನು ಜಗ್ಗಿ ಕೀಳಬಾರದು. ಬೇರು ಗೋಡೆಯ ಹೊಟ್ಟೆಯೊಳಗೆ ಹೋಗಿರುತ್ತದೆ, ಜಗ್ಗಿದರೆ ಕಲ್ಲಿನ ಸಮೇತ ಬರುತ್ತದೆ. ಮೇಲಿನಿಂದ ಕತ್ತರಿಸಿ, ಬುಡಕ್ಕೆ ಔಷಧ ಹಾಕಿ, ಬೇರು ಸತ್ತ ಮೇಲೆ ಒಂದೊಂದೇ ಕಲ್ಲು ಬಿಚ್ಚಿ ತೆಗೆದು ಮತ್ತೆ ಕೂಡಿಸಬೇಕು.

ಮೂರನೆಯದು ಸಿಮೆಂಟ್. ನಮ್ಮ ಕಡೆ ಹಳೆ ಗೋಡೆ ಅಂದ ಕೂಡಲೇ ಸಿಮೆಂಟ್ ಗಿಲಾವ, ಅದರ ಮೇಲೆ ಎಣ್ಣೆ ಬಣ್ಣ. ಆ ಗೋಡೆ ಗಚ್ಚಿನಲ್ಲಿ, ಅಂದರೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ನೆಲದಿಂದ ಏರಿದ ತೇವ ಗಚ್ಚಿನ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ತೇವಕ್ಕೆ ದಾರಿ ಇಲ್ಲ, ಒಳಗೇ ನಿಂತು ಉಪ್ಪು ಕಟ್ಟಿ ಕಲ್ಲಿನ ಮುಖವನ್ನೇ ಪದರು ಪದರಾಗಿ ಉದುರಿಸುತ್ತದೆ. ನಿಮ್ಮ ಗೋಡೆಯ ಬುಡದಲ್ಲಿ ಬಿಳಿ ಹಿಟ್ಟಿನಂಥದ್ದು ಇದೆಯೇ? ಇದ್ದರೆ ಬಹುಶಃ ಯಾರೋ ಹಿಂದೆ ಸಿಮೆಂಟ್ ಬಳಿದಿದ್ದಾರೆ. ಅದನ್ನು ಕೆರೆದು ತೆಗೆಯುವುದೇ ಅರ್ಧ ದುರಸ್ತಿ.

ಗಚ್ಚು ಮಾಡುವುದು ಮಾಯಮಂತ್ರ ಅಲ್ಲ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ಕೆಲವು ವಾರ ನೀರಲ್ಲೇ ಬಿಡಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಾರೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಉಂಡೆ ಮಾಡಿ ಗೋಡೆಗೆ ಎಸೆಯುತ್ತಿದ್ದ. ಅಂಟಿಕೊಂಡು ಜಾರದೆ ನಿಂತರೆ ಹದ ಬಂತು. ಬೇಸಿಗೆಯಲ್ಲಿ ಮಾತ್ರ ಈ ಕೆಲಸ ಹಚ್ಚಬೇಡಿ. ನಮ್ಮ ಬಿಸಿಲಿಗೆ ಗಟ್ಟಿಯಾಗುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಮಳೆಗಾಲ ಮುಗಿದು ದಸರೆಯ ಮೇಲೆ ಶುರು ಮಾಡಿ ಶಿವರಾತ್ರಿಯೊಳಗೆ ಮುಗಿಸಿ, ಒದ್ದೆ ಗೋಣಿ ತಟ್ಟು ಹೊದಿಸಿ ಇಡಿ.

ನೆಲದ ಫರ್ಸಿ ಕಿತ್ತು ಟೈಲ್ಸ್ ಹಾಕಲಿಕ್ಕೆ ಬಂದವರನ್ನು ಬಾಗಿಲಲ್ಲೇ ತಡೆಯಿರಿ. ಶಹಾಬಾದಿನ ಕಲ್ಲು ಪಕ್ಕದಲ್ಲೇ ಸಿಗುವಾಗ ನಾವು ಜಾರುವ ನೆಲ ಯಾಕೆ ಮಾಡಬೇಕು?

ಹಳಿ ಪಕ್ಕದ ಮನೆ

ಅಕ್ಕಾರ, ಬಿಳಿ ಹಿಟ್ಟು ಇದೆ. ಲ್ಯಾಂಪ್ ಕೋಣೆಯ ಹಿಂಗೋಡೆಯಲ್ಲಿ ಮೊಣಕಾಲೆತ್ತರದವರೆಗೆ. ಬೆರಳಿನಿಂದ ತಟ್ಟಿದರೆ ಸಿಮೆಂಟ್ ಡಬಡಬ ಅಂತ ಸಪ್ಪಳ ಮಾಡುತ್ತದೆ, ಒಳಗೆ ಪೊಳ್ಳಾಗಿದೆ. 150 ವರ್ಷದ ಮಾತು ಅರ್ಜಿಯಿಂದ ತೆಗೆದೆ. "1874ರಲ್ಲಿ ತೆರೆದ ಹಳಿಯ ಮೇಲಿನ ಹಳೆಯ ಕಲ್ಲಿನ ನಿಲ್ದಾಣ" ಅಂತ ಬರೆದಿದ್ದೇವೆ.

ತೊಗರಿ ಹೊಲ ಅಣ್ಣಾರ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ನನಗೆ ಸಿಟ್ಟಿಲ್ಲ. ಶಾಲೆಯ ಛತ್ತಿನ ದುಡ್ಡು ಬೇರೆ ದಾರಿಯಿಂದ ಬರಬೇಕು, ಅದಕ್ಕೂ ನಾನು ನಿಮ್ಮ ಜೊತೆ ಬರುತ್ತೇನೆ. ಆದರೆ ನಾವು ಹೊಸ ಓದುವ ಮನೆ ಕಟ್ಟಿಸಿರಿ ಅಂತ ಕೇಳಿದರೆ ಜಾಗ, ಅಡಿಪಾಯ, ಗೋಡೆ, ಛತ್ತು ಎಲ್ಲಕ್ಕೂ ದುಡ್ಡು ಬೇಕು. ಇಲ್ಲಿ ಗೋಡೆ ನಿಂತಿದೆ, ನೆಲ ಗಟ್ಟಿ ಇದೆ, ಬೇಸಿಗೆಯಲ್ಲಿ ತಂಪಿದೆ. ನೀರು ಸೋರುವ ಜಾಗ ಮುಚ್ಚಿ, ಗೋಡೆಯ ಬುಡ ಸರಿಮಾಡಿ, ಬಾಗಿಲು ಕಿಡಕಿ ಕೂಡಿಸಿದರೆ ಸಾಕು. ಬಣ್ಣಬಣ್ಣದ ದೀಪ, ಕಾರಂಜಿ, ಸೆಲ್ಫಿ ಜಾಗ ಯಾವುದೂ ಬೇಡ.

ಬೀದರಿನವ, ಈಗ ಬೆಂಗಳೂರಾಗ

ಇಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳನ್ನು ಹಳೆ ಕಟ್ಟಡ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆಯವರ ಒಪ್ಪಿಗೆಯಿಂದ ದುರಸ್ತಿ ಮಾಡಿದೆ. ಪಾಳುಬಿದ್ದ ಸಣ್ಣ ಹೆಂಚಿನ ಕಟ್ಟಡಗಳು, ಈಗ ಚೆಂದ ಎದ್ದು ನಿಂತಿವೆ. ಆಸ್ತಿ ರೈಲ್ವೆಯದೇ, ದುರಸ್ತಿ ಹೊರಗಿನವರದು. ಅಂದರೆ ಇಂಥ ಒಪ್ಪಂದ ಕರ್ನಾಟಕದಲ್ಲೇ ಆಗಿದೆ ಅಂತ ನಿಮ್ಮ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಬಹುದು. ಆದರೆ ಅಲ್ಲಿಯದನ್ನು ಇಲ್ಲಿಗೆ ನಕಲು ಮಾಡಬೇಡಿ. ಅದು ವಿಮಾನ ನಿಲ್ದಾಣದ ಪಕ್ಕ, ನಂದಿ ಬೆಟ್ಟಕ್ಕೆ ಹೋಗುವವರ ದಾರಿ. ಗಾಡಿ ಕಡಿಮೆ, ತಿರುಗಾಡುವವರು ಹೆಚ್ಚು. ಕಾಫಿ ಅಂಗಡಿ ಇಟ್ಟರೂ ಅಲ್ಲಿ ನಡೆದೀತು. ವಾಡಿ ಹಳಿಯಲ್ಲಿ ಸಿಮೆಂಟ್, ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳ ನಡುವೆ ನಿಮ್ಮ ಹುಡುಗರು ಓದಬೇಕು.

ಹಸಿರು ಬಾವುಟ

ನಾನು ಇದೇ ಹಳಿ ಮ್ಯಾಲೆ ಪಾಯಿಂಟ್ಸ್‌ಮನ್ ಆಗಿ, ಅಂದ್ರ ಗಾಡಿಗೆ ಹಳಿ ಬದಲಿಸಿ ಕೊಡೋ ಕೆಲಸದಾಗ, ನಿವೃತ್ತ ಆದವ. ನಿಮ್ಮ ಸ್ಟೇಷನ್ ಯಾವುದಂತ ಗೊತ್ತಾತು, ಹೆಸರು ಹೇಳಂಗಿಲ್ಲ ಬಿಡ್ರಿ.

ಲ್ಯಾಂಪ್ ಕೋಣಿ ಗ್ವಾಡಿ ಮ್ಯಾಲಿನ ಮಸಿ ದಯಮಾಡಿ ಸುಣ್ಣ ಬಳಿದು ಮುಚ್ಚಬ್ಯಾಡ್ರಿ. ಸಿಗ್ನಲ್ಲಿನ ಸೀಮೆಎಣ್ಣಿ ದೀಪ ಅಲ್ಲೇ ತೊಳಿತಿದ್ವಿ. ಗಾಜು ಒರಸೋದು, ಬತ್ತಿ ಕತ್ತರಸೋದು, ಎಣ್ಣಿ ತುಂಬೋದು, ಹೊತ್ತು ಮುಳುಗೋದ್ರಾಗ ಹೊತ್ತಕೊಂಡು ಹೋಗಿ ಕಂಬ ಹತ್ತಿ ಇಡೋದು. ಮಳಿಗಾಲದಾಗ ಒಂದೊಂದು ರಾತ್ರಿ ಎರಡು ಸಲ ಹತ್ತತಿದ್ವಿ. ಆ ಮಸಿ ನಮ್ಮ ಕೈಯಿಂದ ಆದದ್ದು.

ಇನ್ನ ಕೆಲಸದ ಮಾತು. ಹಳಿ ಮ್ಯಾಲಿನ ತಂತಿಯೊಳಗ 25,000 ವೋಲ್ಟ್ ಕರೆಂಟ್ ಅದ. ಹಳಿ ಕಡಿಂದ ಯಾರೂ ಛತ್ತು ಹತ್ತಬಾರದು. ಕಬ್ಬಿಣದ ಸಲಾಕಿ, ಅಲ್ಯೂಮಿನಿಯಂ ಏಣಿ ಎತ್ತಿ ಹಿಡಿಯಲೇಬಾರದು. ತಂತಿ ಮುಟ್ಟಬೇಕಂತ ಇಲ್ಲ, ಹತ್ತಿರ ಹೋದ್ರೂ ಎಳಕೊಳ್ತದ. ಛತ್ತಿನ ಕೆಲಸಕ್ಕ ರೈಲ್ವೆದವರಿಂದ ಲೈನ್ ಬಂದ್ ಮಾಡಿಸಿಕೊಂಡು, ಅವರ ಮನುಷ್ಯನ್ನ ನಿಲ್ಲಿಸಿಕೊಂಡೇ ಮಾಡಬೇಕು. ಅರ್ಜಿಯೊಳಗ ನೀವೇ ಮೊದಲು ಬರೀರಿ: ಹಳಿ ಕಡಿ ಬಾಗಲಾ ಕಾಯಂ ಮುಚ್ಚತೀವಿ, ಜಾಲಿ ಹಾಕ್ತೀವಿ, ಊರ ಕಡಿಂದಷ್ಟೇ ಒಳಗ ಬರ್ತೀವಿ ಅಂತ. ಸಾಹೇಬರು ಮೊದಲು ಕೇಳೋದೇ ಅದು. ಓದಕೊಂತ ಕೂತ ಹುಡುಗ ಗಾಡಿ ಬಂತಂತ ಹಳಿ ದಾಟಿ ಓಡಿದ್ರ ಯಾರು ಜವಾಬ್ದಾರಿ?

ಮತ್ತ ಜಾಗ ನಮ್ಮದು ಮಾಡ್ರಿ ಅಂತ ಕೇಳಬ್ಯಾಡ್ರಿ. ರೈಲ್ವೆ ಜಾಗ ಬರೆದುಕೊಡಂಗಿಲ್ಲ. ಬಳಸಲಿಕ್ಕ ಲೈಸೆನ್ಸ್ ಕೇಳ್ರಿ, ಅದೂ ಪಂಚಾಯ್ತಿ ಹೆಸರಿನ್ಯಾಗ. ಸಂಘದ ಹೆಸರಿನ್ಯಾಗ ಕೊಟ್ರ ಸಂಘ ನಾಳೆ ಒಡೀತದ. 2022ರ ರೈಲ್ವೆ ಜಮೀನು ನೀತಿಯೊಳಗ ದವಾಖಾನಿ, ಕೇಂದ್ರೀಯ ವಿದ್ಯಾಲಯಕ್ಕ ವರ್ಷಕ್ಕ ಚದರ ಮೀಟರಿಗೆ 1 ರೂಪಾಯಿ ದರ ಇಟ್ಟಾರ. ಗ್ರಂಥಾಲಯದ ಹೆಸರು ಅದರಾಗ ಇಲ್ಲ. ಅದಕ್ಕ ಹಕ್ಕಂತ ಜಗಳಾಡಬ್ಯಾಡ್ರಿ, ಅದನ್ನ ತೋರಿಸಿ ವಿನಂತಿ ಮಾಡ್ರಿ.

ವಾಡಿ ಜಂಕ್ಷನ್

ಕಾಕಾ, ಹಳಿ ತುಂಡಿನ ಗಂಟಿ ಎಲ್ಲಿ ಹೋತು?

ಹಸಿರು ಬಾವುಟ

ಪಡಸಾಲಿ ಕೊಂಡಿಗೇ ತೂಗ್ತಿತ್ತು. ಹಿಂದಿನ ಸ್ಟೇಷನ್ ಬಿಟ್ಟದ ಅಂದ್ರ ಬಾರಿಸ್ತಿದ್ವಿ, ಊರಾಗ ಮಂದಿ ಅದನ್ನ ಕೇಳೇ ಮನಿ ಬಿಡತಿದ್ರು. ಕೊಂಡಿ ಇನ್ನೂ ಇರಬೇಕು ನೋಡ್ರಿ.

ಯಾದಗಿರಿ ಗುಳೆ

ನಾನು ಯಾದಗಿರಿ ಜಿಲ್ಲೆಯವ. ಬೆಂಗಳೂರಾಗ ಸೆಂಟ್ರಿಂಗ್ ಕೆಲಸ. ನಿಮ್ಮ ಮಾತು ಎಲ್ಲಾ ಓದಿದೆ, ಖುಷಿ ಆತು. ಆದ್ರ ಸ್ಟೇಷನ್ನಿಗೆ ಯಾರು ಬರ್ತಾರ ಅಂತ ಒಂದು ಸಲ ನೋಡ್ರಿ. ಸುಗ್ಗಿ ಮುಗಿದ ಮ್ಯಾಲೆ ನಮ್ಮ ತಾಂಡಾ, ಹಳ್ಳಿ ಮಂದಿ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗ್ತಾರ. ಹಾಸಿಗಿ ಗಂಟು, ಜೋಳದ ಹಿಟ್ಟಿನ ಚೀಲ, ಕಂಕುಳಾಗ ಕೂಸು. ಹಳ್ಳಿಯಿಂದ ಕಡೀ ಬಸ್ಸು ಸಂಜಿಗೇ ಇರ್ತದ, ಗಾಡಿ ಯಾವಾಗೋ. ಉದ್ಯಾನ್ ಗಾಡಿ ಹಿಡಿಲಿಕ್ಕ ನಾವು ಎಷ್ಟು ಸಲ ಯಾದಗಿರಿ ಸ್ಟೇಷನ್ನಿನ ಹೊರಗ ಗಂಟಿನ ಮ್ಯಾಲೇ ತಲಿ ಇಟ್ಟು ಮಲಗೀವಿ. ನಿಮ್ಮ ಊರಾಗೂ ಅಂಥಾ ಮಂದಿ ಇದ್ದೇ ಇರ್ತಾರ.

ಈಗ ಆ ಪಡಸಾಲಿಯೊಳಗ ಅವರು ಕೂಡ್ತಾರಲ್ಲ? ಕಟ್ಟಡ ಚೆಂದ ಆದಮ್ಯಾಲೆ ಗೇಟ್ ಹಚ್ಚಿ ಅವರನ್ನ ಹೊರಗ ಹಾಕಬ್ಯಾಡ್ರಿ. ಅಷ್ಟೇ ನನ್ನ ವಿನಂತಿ.

ಹಳಿ ಪಕ್ಕದ ಮನೆ

ಅಣ್ಣಾ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ನಾನೂ ಅದೇ ಪಡಸಾಲೆಯಲ್ಲಿ ಕೂತವನು, ಪುಸ್ತಕ ಹಿಡಿದು ಕೂತದ್ದಷ್ಟೇ ನೆನಪಿತ್ತು. ನನ್ನ ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತವರೂ ಇದ್ದರು. ನಿನ್ನೆ ಸಂಜೆ ಹೋಗಿ ನೋಡಿದೆ, ಒಂದು ಕುಟುಂಬ ಅಲ್ಲೇ ರೊಟ್ಟಿ ಬಿಚ್ಚಿಕೊಂಡು ಕೂತಿತ್ತು. ಹೊಸ ಸ್ಟೇಷನ್ನಿನ ತಗಡಿನ ನೆರಳು ನಾಲ್ಕು ಬೆಂಚಿಗೆ ಸಾಲುತ್ತದೆ, ಅಷ್ಟೇ.

ಕೋಣೆಗಳಿಗೆ ಬೀಗ ಇರಲಿ, ಪಡಸಾಲೆ ಊರ ಕಡೆಗೆ ರಾತ್ರಿಯೂ ತೆರೆದಿರಲಿ. ಹಳಿ ಕಡೆ ಜಾಲಿ. ಪಡಸಾಲೆಗೆ ಒಂದು ದೀಪ, ಒಂದು ಕುಡಿಯುವ ನೀರಿನ ನಲ್ಲಿ. ಅರ್ಜಿಯಲ್ಲಿ ಇದನ್ನೇ ಸೇರಿಸುತ್ತೇನೆ. ಕಾಕಾ ಹೇಳಿದ ಕೊಂಡಿ ಅಲ್ಲೇ ಇದೆ, ಬಣ್ಣದ ಕೆಳಗೆ.

ಪಂಚಾಯ್ತಿ ಮೆಂಬರ್

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಊರಿನ ಗ್ರಾಮ ಪಂಚಾಯ್ತಿ ಸದಸ್ಯೆ. "ಬಾಗಿಲು ತೆಗೆಯೋರು ಯಾರು" ಅನ್ನೋ ಪ್ರಶ್ನೆಗೆ ಉತ್ತರ ನಿಮ್ಮ ಪಂಚಾಯ್ತಿಯಲ್ಲೇ ಇದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ ಬಂದಿವೆ, ಅರಿವು ಕೇಂದ್ರ ಅಂತ ಹೆಸರಾಗಿದೆ. ಅದಕ್ಕೆ ಸಂಬಳದ ಮೇಲ್ವಿಚಾರಕರು ಇರುತ್ತಾರೆ. ಪುಸ್ತಕ, ಪೇಪರ್ ಬರುತ್ತವೆ. ಆದರೆ ಎಷ್ಟೋ ಕಡೆ ಕೋಣೆ ಇಷ್ಟಿಷ್ಟೇ. ನಮ್ಮಲ್ಲಿ ಕಪಾಟು ಇಟ್ಟ ಮೇಲೆ ಆರು ಕುರ್ಚಿಗೆ ಜಾಗ ಉಳಿಯಿತು. ನಿಮ್ಮ ಅರಿವು ಕೇಂದ್ರವನ್ನೇ ಹಳೆ ಸ್ಟೇಷನ್ನಿಗೆ ಒಯ್ಯಿರಿ. ಹೊಸ ಸಂಬಳ ಬೇಕಿಲ್ಲ, ಬಾಗಿಲು ತೆಗೆಯುವ ಕೈ ಈಗಾಗಲೇ ಇದೆ. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ, ಪಿಡಿಒ ಸಹಿಯೊಂದಿಗೆ ಅರ್ಜಿ ಹೋಗಲಿ. ದುರಸ್ತಿ ದುಡ್ಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಶಾಸಕರ ಮೂಲಕ ಕೇಳಿ. ಲೈಸೆನ್ಸ್ ಕೈಗೆ ಬಂದ ಮೇಲೆ ಕೇಳಿ, ಮೊದಲು ಅಲ್ಲ. ಜಾಗದ ಕಾಗದ ಇಲ್ಲದೆ ದುಡ್ಡು ಮಂಜೂರಾದರೆ ಅದು ಕೆಲಸ ಆಗದೆ ವಾಪಸ್ ಹೋಗುತ್ತದೆ.

ಇನ್ನೊಂದು ಮಾತು. ಇಲ್ಲಿ ಇಷ್ಟು ಜನ ಇಷ್ಟು ಬರೆದಿರಿ, ಶೌಚಾಲಯದ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಅರಿವು ಕೇಂದ್ರಕ್ಕೆ ಹುಡುಗಿಯರು ಯಾಕೆ ಬರುವುದಿಲ್ಲ ಅಂತ ನಾನು ಮನೆ ಮನೆಗೆ ಹೋಗಿ ಕೇಳಿದೆ. ತಾಯಂದಿರು ಬೇರೆ ಬೇರೆ ಕಾರಣ ಹೇಳಿದರು. ಹುಡುಗಿಯರು ಒಂದೇ ಹೇಳಿದರು: "ಅಕ್ಕಾ, ಎರಡು ತಾಸು ಕೂತಮ್ಯಾಲೆ ಎಲ್ಲಿಗೆ ಹೋಗಬೇಕು?" ನೀರು ಕುಡಿಯದೆ ಬಂದು ಕೂಡುತ್ತಿದ್ದರು, ತಲೆನೋವು ಬಂದು ಎದ್ದು ಹೋಗುತ್ತಿದ್ದರು. ನಿಮ್ಮ ಸ್ಟೇಷನ್ನಿಗೆ ಶೌಚಾಲಯ ಇಲ್ಲದಿದ್ದರೆ ಅದು ಬರೀ ಹುಡುಗರ ಓದುವ ಮನೆ ಆಗುತ್ತದೆ.

ಗೌಂಡಿಯ ಮಗಳು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಹಳೆ ಗೋಡೆ ಒಡೆದು ಒಳಗೆ ತೂರಿಸಬೇಡಿ. ಸ್ವಲ್ಪ ದೂರ, ಊರ ಕಡೆ, ಪ್ರತ್ಯೇಕವಾಗಿ ಕಟ್ಟಿ. ಪೈಪಿನ ನೀರು ಹಳೆ ಅಡಿಪಾಯಕ್ಕೆ ಇಳಿಯಬಾರದು. ಅದಕ್ಕೆ ಸಿಮೆಂಟ್ ಬಳಸಿ, ನನ್ನ ತಕರಾರಿಲ್ಲ.

ತೊಗರಿ ಹೊಲ

ಅರಿವು ಕೇಂದ್ರ ಅಲ್ಲಿಗೆ ಹೋದ್ರ ಈಗಿರೋ ಕೋಣಿ ಖಾಲಿ ಆಗ್ತದಲ್ಲ? ನಮ್ಮೂರಾಗ ಹಂಗ ಆದ್ರ ಅದನ್ನ ಅಂಗನವಾಡಿಗೆ ಕೊಡಬಹುದು. ಹಿಂಗಿದ್ರ ನಂದೂ ಒಪ್ಪಿಗಿ ಅದ. ಗಚ್ಚು ಅರೆಯೋ ಗಾಣದ ಕಲ್ಲು ನಮ್ಮ ಹೊಲದ ಬದುವಿನ್ಯಾಗ ಬಿದ್ದದ, ಅಜ್ಜನ ಕಾಲದ್ದು. ಬೇಕಂದ್ರ ಟ್ರ್ಯಾಕ್ಟರ್ ಹೂಡಿ ಕಳಸ್ತೀನಿ.

ಹಳಿ ಪಕ್ಕದ ಮನೆ

ಅಣ್ಣಾರ, ಕಲ್ಲು ಖಂಡಿತ ಬೇಕು. ದಸರೆ ತನಕ ಅಲ್ಲೇ ಜೋಪಾನವಾಗಿ ಇರಲಿ.

ಪಿಡಿಒ ಹತ್ತಿರ ಇವತ್ತು ಮಾತಾಡಿದೆ. ಮುಂದಿನ ಗ್ರಾಮ ಸಭೆಯ ವಿಷಯಪಟ್ಟಿಯಲ್ಲಿ ಹಾಕಲು ಒಪ್ಪಿದ್ದಾರೆ. ಅರಿವು ಕೇಂದ್ರದ ಮೇಲ್ವಿಚಾರಕಿ ನಮ್ಮೂರ ಸೊಸೆಯೇ, ಕೇಳಿದಾಗ ಮೊದಲು ಅವರು ಕೇಳಿದ್ದು ಕಿಡಕಿಗೆ ಚಿಲಕ ಇದೆಯಾ ಅಂತ. ಇಲ್ಲ, ಮಾಡಿಸಬೇಕು. ಮ್ಯೂಸಿಯಂ ಬೇಕೆಂದ ಹಿರಿಯರ ಮನೆಗೂ ಹೋಗಿದ್ದೆ. ಲ್ಯಾಂಪ್ ಕೋಣೆಯ ಮಸಿ ಗೋಡೆ ಹಾಗೇ ಉಳಿಸಿ, ಹಳೆ ದೀಪ, ಬಾವುಟ, ರಟ್ಟಿನ ಟಿಕೆಟ್ ಯಾರ ಮನೆಯಲ್ಲಿದ್ದರೂ ತಂದು ಆ ಕೋಣೆಯಲ್ಲೇ ಇಡೋಣ ಅಂದೆ. ಒಪ್ಪಿದರು. ಒಬ್ಬರು ಆಗಲೇ ಅಟ್ಟ ಹತ್ತಿ ಕಂದೀಲು ಹುಡುಕಲಿಕ್ಕೆ ಶುರು ಮಾಡಿದ್ದಾರೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅಳತೆ ತೆಗೆಯಲಿಕ್ಕೆ ಸೇರುತ್ತಿದ್ದೇವೆ, ಸ್ಟೇಷನ್ ಮಾಸ್ತರರಿಗೆ ಹೇಳಿಯಾಗಿದೆ. ಹಸಿರು ಬಾವುಟ ಕಾಕಾ ಬಂದರೆ ಬಹಳ ಸಂತೋಷ, ವಾಡಿಯಿಂದ ಕರೆತರಲಿಕ್ಕೆ ಹುಡುಗನನ್ನು ಕಳಿಸುತ್ತೇನೆ. ಟೇಪು, ಟಾರ್ಚು, ಬಿಳಿ ಕಾಗದ, ಮೆತ್ತನೆ ಪೆನ್ಸಿಲ್ ತನ್ನಿ. ಕಬ್ಬಿಣದ ಏಣಿ ಬೇಡ. ಅರಳಿ ಗಿಡಕ್ಕೆ ಯಾರೂ ಕೈ ಹಚ್ಚಬೇಡಿ.